ಉಪ್ಪು ಬಣ್ಣ ತಿನ್ನುವುದಿಲ್ಲ

ಅಕ್ಟೋಬರ್ ಬಂತೆಂದರೆ ಅಮೆರಿಕದ ಮಿಶಿಗನ್‌ನಲ್ಲಿ ಕನ್ನಡದವರು ಎಲ್ಲಿ ಸೇರಿದರೂ ಒಂದು ಪ್ರಶ್ನೆ ತಪ್ಪುವುದಿಲ್ಲ: ಚಳಿಗಾಲಕ್ಕೆ ಕಾರಿಗೆ ಯಾವ ವ್ಯಾಕ್ಸ್ ಒಳ್ಳೇದು? ಉತ್ತರಗಳಿಗೂ ಬರವಿಲ್ಲ. ಬ್ರೆಜಿಲ್‌ನ ತಾಳೆಮರದಿಂದ ಬರುವ ಕಾರ್ನೌಬಾ ಅಂತ ಒಬ್ಬರು, ಸೆರಾಮಿಕ್ ಕೋಟಿಂಗ್ ಅಂತ ಇನ್ನೊಬ್ಬರು. ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಹಾರಿ ಬಂದು ಬಣ್ಣ ತಿನ್ನುತ್ತದೆ, ಮೇಲೆ ಏನಾದರೂ ಬಳಿದುಬಿಟ್ಟರೆ ಬಚಾವ್ ಅಂತ ಎಲ್ಲರೂ ನಂಬಿದ್ದಾರೆ.

ತಿನ್ನುವುದಿಲ್ಲ. ಕಾರಿನ ಮೇಲ್ಪದರ, ಅಂದರೆ ಕ್ಲಿಯರ್ ಕೋಟ್, ಒಂದು ಪ್ಲಾಸ್ಟಿಕ್. ಉಪ್ಪಿಗೂ ಅದಕ್ಕೂ ಜಗಳವೇ ಇಲ್ಲ. ಅಡುಗೆಮನೆಯ ಉಪ್ಪಿನ ಡಬ್ಬಿ ಪ್ಲಾಸ್ಟಿಕ್‌ನದ್ದೇ ಅಲ್ವಾ? ಉಪ್ಪಿನ ಕೆಲಸ ಶುರುವಾಗುವುದು ಬಣ್ಣ ಮೊದಲೇ ಒಡೆದಿರುವ ಜಾಗದಲ್ಲಿ. ಮುಂದೆ ಹೋಗುವ ಲಾರಿಯ ಚಕ್ರದಿಂದ ಸಿಡಿದ ಒಂದು ಜಲ್ಲಿ ಚೂರು ಸಾಕು. ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿಸಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಜಲ್ಲಿಗೆ ಅದು ಯಾವ ಲೆಕ್ಕ!

ಅಂದಹಾಗೆ ಈ ಉಪ್ಪು ಎಲ್ಲಿಂದ ಬರುತ್ತದೆ ಗೊತ್ತೇ? ಡೆಟ್ರಾಯಿಟ್ ನಗರದ ಅಡಿಯಿಂದಲೇ. ಸುಮಾರು 40 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಒಣಗಿ ಉಳಿದ ಉಪ್ಪಿನ ಪದರ 350 ಮೀಟರ್ ಆಳದಲ್ಲಿದೆ. 1906ರಲ್ಲಿ ಬಾವಿ ತೋಡಲು ಶುರುಮಾಡಿ 1910ರಲ್ಲಿ ಅದನ್ನು ಮುಟ್ಟಿದರು. ಇವತ್ತಿಗೂ ಅಲ್ಲಿ ಗಣಿಗಾರಿಕೆ ನಡೆಯುತ್ತಿದೆ, ಅಗೆದ ಉಪ್ಪು ರಸ್ತೆಗೆ ಹೋಗುತ್ತದೆ. ಅದರ ಸುರಂಗಗಳು ಫೋರ್ಡ್ ಕಂಪನಿಯ ಊರಾದ ಡಿಯರ್‌ಬಾರ್ನ್ ಕಡೆಗೂ ಹಬ್ಬಿವೆ. ಮೇಲೆ ಕಾರು ಮಾಡುವವರು, ಕೆಳಗೆ ಅದನ್ನು ಮುಗಿಸುವ ಸಾಮಾನು.

ಹಿಮ ಬೀಳುವ ಮುಂಚೆಯೇ ರಸ್ತೆಯ ಮೇಲೆ ಉದ್ದುದ್ದ ಬಿಳಿ ಪಟ್ಟೆಗಳು ಕಾಣಿಸುತ್ತವೆ. ಅದು ಲಾರಿಗಳು ಸುರಿಸಿ ಹೋದ ಉಪ್ಪುನೀರು ಒಣಗಿ ಉಳಿದ ಗುರುತು. ನೂರು ಕಿಲೋ ಉಪ್ಪುನೀರಿನಲ್ಲಿ 23 ಕಿಲೋ ಚಿಲ್ಲರೆ ಉಪ್ಪಿದ್ದರೆ ಅದು ಮೈನಸ್ 21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಇದು ಪ್ರಯೋಗಶಾಲೆಯ ಲೆಕ್ಕ. ರಸ್ತೆಯಲ್ಲಿ ಮೈನಸ್ 9ರ ಆಚೆ ಮಾಮೂಲಿ ಉಪ್ಪು ಸುಸ್ತಾಗುತ್ತದೆ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಇವುಗಳ ಹೆಸರು ನೆನಪಿಟ್ಟುಕೊಳ್ಳಿ, ಗ್ಯಾರೇಜಿನಲ್ಲಿ ಮತ್ತೆ ಸಿಗುತ್ತವೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಕೇಂಬ್ರಿಜ್‌ನಲ್ಲಿ ಯೂಲಿಕ್ ಇವಾನ್ಸ್ ಅಂತ ಒಬ್ಬ ವಿಜ್ಞಾನಿ ಇದ್ದ. ಇಡೀ ಆಯುಷ್ಯವನ್ನು ತುಕ್ಕಿಗೆ ಮುಡಿಪಿಟ್ಟ ಮನುಷ್ಯ. ಅವನ ಹೆಸರಿನಲ್ಲೇ ಪ್ರಸಿದ್ಧವಾದ ಒಂದು ಪ್ರಯೋಗವಿದೆ. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದೇ ಒಂದು ಹನಿ ಉಪ್ಪುನೀರು. ಅದರಲ್ಲಿ ಎರಡು ರಾಸಾಯನಿಕ ಬೆರೆತಿರುತ್ತವೆ: ಒಂದು, ಕಬ್ಬಿಣ ಕರಗಿದ ಕಡೆ ನೀಲಿಯಾಗುತ್ತದೆ. ಇನ್ನೊಂದು, ಕ್ಷಾರ ಹುಟ್ಟಿದ ಕಡೆ ಗುಲಾಬಿಯಾಗುತ್ತದೆ. ಮೊದಲು ಹನಿಯೊಳಗೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ನೀಲಿ, ಗುಲಾಬಿ ಎರಡೂ ಏಳುತ್ತವೆ. ಸ್ವಲ್ಪ ಹೊತ್ತು ಕಾದರೆ ಚುಕ್ಕೆಗಳು ಬೇರೆಬೇರೆಯಾಗಿ ನೀಲಿ ನಡುವಿಗೆ ಸರಿಯುತ್ತದೆ, ಗುಲಾಬಿ ಅಂಚಿಗೆ ಹೋಗುತ್ತದೆ. ಎರಡರ ನಡುವೆ ಒಂದು ಕಂದು ಉಂಗುರ ಮೂಡುತ್ತದೆ. ಅದೇ ತುಕ್ಕು.

ಇದರಲ್ಲಿ ಆಶ್ಚರ್ಯ ಏನು ಅಂತೀರಾ? ತುಕ್ಕಿಗೆ ಆಮ್ಲಜನಕ ಬೇಕು ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಗಾಳಿ ಸುಲಭವಾಗಿ ಸಿಗುವ ಅಂಚಿನಲ್ಲಿ ಕಬ್ಬಿಣ ಸವೆಯಬೇಕು. ಆದರೆ ಸವೆಯುವುದು ನಡುವೆ, ಆಮ್ಲಜನಕ ಕಡಿಮೆ ತಲುಪುವ ಕಡೆ. ಅಲ್ಲಿ ಕಬ್ಬಿಣ ತನ್ನ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತದೆ. ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಅಂಚಿಗೆ ಹೋಗುತ್ತವೆ. ಅಂಚಿನಲ್ಲಿ ಆಮ್ಲಜನಕ ಅವುಗಳನ್ನು ಹಿಡಿದುಕೊಳ್ಳುತ್ತದೆ, ಕ್ಷಾರ ಹುಟ್ಟುತ್ತದೆ. ಹಳೆಯ ಕೂಡು ಕುಟುಂಬದಲ್ಲಿ ಒಬ್ಬ ದುಡಿದು ಸವೆದರೆ ಇನ್ನೊಬ್ಬ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದನಲ್ಲ, ಅದೇ ಕಥೆ. ಉಣ್ಣುವವನು ಎಷ್ಟು ಜಾಸ್ತಿ ಉಂಡರೆ ದುಡಿಯುವವನು ಅಷ್ಟು ಬೇಗ ಸವೆಯುತ್ತಾನೆ. ಉಪ್ಪಿನ ಪಾತ್ರ ಇಷ್ಟೇ: ಹನಿಯೊಳಗೆ ವಿದ್ಯುತ್ ಸರಾಗವಾಗಿ ಹರಿಯುವಂತೆ ಮಾಡುವುದು, ಕಬ್ಬಿಣದ ಮೇಲಿನ ತೆಳು ರಕ್ಷಣೆಯನ್ನು ಕೆಡಿಸುವುದು. ಬರೀ ಮಳೆನೀರಿನಲ್ಲಿ ಕುಂಟುತ್ತಾ ನಡೆಯುವ ವ್ಯವಹಾರ ಉಪ್ಪುನೀರಿನಲ್ಲಿ ಓಡುತ್ತದೆ.

ಇದನ್ನು ಕಾರಿಗೆ ಹಚ್ಚಿ ನೋಡಿ. ಜಲ್ಲಿ ಬಡಿದು ಬಣ್ಣ ಎದ್ದ ಜಾಗದಲ್ಲಿ ಗಾಳಿ ಧಾರಾಳ. ಅದರ ಪಕ್ಕ, ಇನ್ನೂ ಬಣ್ಣ ಮುಚ್ಚಿಕೊಂಡಿರುವ ಅಂಚಿನ ಕೆಳಗೆ ನುಸುಳಿದ ನೀರಿಗೆ ಗಾಳಿ ಇಲ್ಲ. ಹೊರಗೆ ಸಣ್ಣ ಚುಕ್ಕೆ ಕಾಣುತ್ತಿರುತ್ತದೆ, ಒಳಗೆ ಸುತ್ತಲೂ ಗುಳ್ಳೆ ಏಳುತ್ತದೆ. ಚಕ್ರದ ಕಮಾನಿನೊಳಗೆ ಮೆತ್ತಿಕೊಂಡ ಕೆಸರಿನ ಅಡಿ, ಬಾಗಿಲಿನ ಕೆಳಮಡಿಕೆ, ಎರಡು ತಗಡು ಸೇರುವ ಸಂದು, ಎಲ್ಲ ಕಡೆಯೂ ಗಾಳಿ ಕಡಿಮೆ, ತುಕ್ಕು ಜಾಸ್ತಿ. ನಾವು ಭಾನುವಾರ ಕೂತು ತಿಕ್ಕಿ ಮಿರುಗಿಸುವ ಹುಡ್ (ಬಾನೆಟ್) ಮತ್ತು ಛಾವಣಿಗೆ ಅಪಾಯ ಎಲ್ಲಕ್ಕಿಂತ ಕಡಿಮೆ.

ಈಗಿನ ಕಾರುಗಳು ಹಳೆಯವಷ್ಟು ಬೇಗ ತೂತಾಗದಿರಲು ಮುಖ್ಯ ಕಾರಣ ತಗಡಿನ ಮೇಲಿನ ಸತುವಿನ ಪದರ. ಗೀರು ಬಿದ್ದರೆ ಕಬ್ಬಿಣದ ಬದಲು ಸತುವೇ ಕರಗುತ್ತದೆ. ಈ ಉಪಾಯದ ಹಿಂದೆ ಒಂದು ತಮಾಷೆಯ ಚರಿತ್ರೆ ಇದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳದ ತಾಮ್ರದ ತಗಡು ಸಮುದ್ರದಲ್ಲಿ ಕರಗಿಹೋಗುತ್ತಿತ್ತು. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ತಾಮ್ರಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡು ಅಂಟಿಸಿ ಅಂದ. ಅಂಟಿಸಿದರು. ತಾಮ್ರ ಒಂದಿಷ್ಟೂ ಕರಗಲಿಲ್ಲ. ಆದರೆ ಹಡಗಿನ ತಳಕ್ಕೆ ಕಡಲಚಿಪ್ಪು ಪಾಚಿಗಳೆಲ್ಲ ಅಂಟಿಕೊಂಡು ಹಡಗು ನಿಧಾನವಾಯಿತು. ಅವನ್ನು ಇಷ್ಟು ದಿನ ದೂರ ಇಟ್ಟಿದ್ದೇ ಕರಗುವ ತಾಮ್ರದ ವಿಷ! ವಿಜ್ಞಾನ ಗೆದ್ದಿತು, ಡೇವಿ ಬೈಸಿಕೊಂಡ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತು ಹಚ್ಚುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ನಮ್ಮ ಊರುಗಳ ಜಿಂಕ್ ಶೀಟು ಅದರದ್ದೇ ಮುಂದುವರಿಕೆ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ದೆಹಲಿಯ ಕಬ್ಬಿಣದ ಕಂಬ ತಂದೇ ತರುತ್ತಾರೆ. 1600 ವರ್ಷವಾದರೂ ತುಕ್ಕಿಲ್ಲ, ಕೊಡಚಾದ್ರಿಯ ಕಂಬವೂ ಮಲೆನಾಡಿನ ಮಳೆಗೆ ಹಾಗೇ ನಿಂತಿದೆ, ನಮ್ಮ ಹಿರಿಯರಿಗೆ ಗೊತ್ತಿದ್ದ ಗುಟ್ಟು ಈ ಕಾರಿನವರಿಗೆ ಗೊತ್ತಿಲ್ಲ ಅಂತ. ಹಿರಿಯರ ಕಮ್ಮಾರಿಕೆ ದೊಡ್ಡದೇ, ಸಂಶಯವಿಲ್ಲ. ಆದರೆ ದೆಹಲಿಯ ಕಂಬದ ಗುಟ್ಟು ಬಯಲಾಗಿ ವರ್ಷಗಳೇ ಆದವು. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ಅದನ್ನು ಬಿಡಿಸಿ ಹೇಳಿದ್ದಾರೆ. ಆ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಅದರಿಂದ ಮೈಮೇಲೆ ಫಾಸ್ಫೇಟಿನ ತೆಳು ಪೊರೆ ಕಟ್ಟಿದೆ. ಮಣ್ಣಲ್ಲಿ ಹೂತ ಭಾಗಕ್ಕೆ ತುಕ್ಕು ಹಿಡಿದಿದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇನ್ನೊಂದು ವಿಷಯ: ಕಾರು ಕಾರ್ಖಾನೆಯಲ್ಲಿ ಬಣ್ಣಕ್ಕೆ ಮೊದಲು ಇಡೀ ಬಾಡಿಯನ್ನು ಫಾಸ್ಫೇಟ್ ತೊಟ್ಟಿಯಲ್ಲೇ ಮುಳುಗಿಸಿ ತೆಗೆಯುತ್ತಾರೆ. ಗೊತ್ತಿಲ್ಲದೆ ಏನಲ್ಲ.

ಇನ್ನು ಹೊಸ ಕಾರಿಗೆ ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ನಿಂಬೆಹಣ್ಣು ಜಜ್ಜಿಸಿ, ಮನೆಗೆ ಬಂದು ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವವರಿದ್ದಾರೆ. ನಿಂಬೆಹಣ್ಣು ಟೈರಿಗೆ ಏನೂ ಮಾಡದು. ಉಪ್ಪು ನಿವಾಳಿಸುವ ಕೆಲಸವನ್ನು ಇಲ್ಲಿ ಸರ್ಕಾರವೇ ಐದು ತಿಂಗಳು ಮಾಡುತ್ತದೆ, ನೀವು ಬೇರೆ ಯಾಕೆ? ಆದರೆ ‘9ಎಚ್ ಗಡಸುತನ, ಕಲ್ಲಿಗೂ ಜಗ್ಗದು’ ಅಂತ ಸೆರಾಮಿಕ್ ಕೋಟಿಂಗ್ ಬಳಿದು ಸಾವಿರ ಡಾಲರ್ ಕಿತ್ತುಕೊಳ್ಳುವವರ ಮುಂದೆ ನಿಂಬೆಹಣ್ಣು ಎಷ್ಟೋ ವಾಸಿ. ಆ 9ಎಚ್, ವಜ್ರದಂಥ ಕಲ್ಲುಗಳ ಗಡಸುತನ ಅಳೆಯುವ ಮೋಸ್ (Mohs) ಅಳತೆಯಲ್ಲ. ಅದು ಪೆನ್ಸಿಲ್ಲಿನದು. 9ಎಚ್ ಪೆನ್ಸಿಲ್ಲಿನಲ್ಲಿ ಗೀಚಿದರೆ ಗೀರು ಬೀಳುವುದಿಲ್ಲ ಅಂತ ಮಾತ್ರ ಅರ್ಥ. ವ್ಯಾಕ್ಸ್ ಪದರವಂತೂ ಒಂದು ಮೈಕ್ರಾನ್‌ಗಿಂತ ತೆಳು. ಹಾಗಂತ ವ್ಯಾಕ್ಸ್ ದಂಡವಲ್ಲ. ಕೊಳೆ ಅಂಟುವುದು ಕಮ್ಮಿಯಾಗುತ್ತದೆ, ತೊಳೆದರೆ ಉಪ್ಪು ಬೇಗ ಬಿಡುತ್ತದೆ. ಅಷ್ಟು ಸಾಕು.

ವ್ಯಾಕ್ಸಿನ ನಿಜವಾದ ಉಪಯೋಗ ರಿಮ್ಮಿಗೆ. ಅಲಾಯ್ ವೀಲ್ ಅಲ್ಯೂಮಿನಿಯಂ, ಮೇಲೆ ಲ್ಯಾಕರ್ ಅನ್ನುವ ಪಾರದರ್ಶಕ ಲೇಪ. ಬ್ರೇಕಿನಿಂದ ಹಾರುವ ಬಿಸಿ ಕಬ್ಬಿಣದ ಪುಡಿ ಅದರಲ್ಲಿ ಕಚ್ಚಿಕೊಳ್ಳುತ್ತದೆ. ಲ್ಯಾಕರ್ ಎಲ್ಲಾದರೂ ಒಡೆದು ಉಪ್ಪು ಒಳಹೊಕ್ಕರೆ ಅದರಡಿಯಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಹುಳ ಹರಿದಂತೆ ಸಾಗುತ್ತವೆ. ಪ್ರತಿ ಗೆರೆಗೂ ಒಂದು ತಲೆ, ಒಂದು ಬಾಲ. ತಲೆಯಲ್ಲಿ ಆಮ್ಲಜನಕ ಕಡಿಮೆ, ಬಾಲದಲ್ಲಿ ಜಾಸ್ತಿ. ಇವಾನ್ಸನ ಹನಿಯೇ ಇಲ್ಲಿ ನಡೆಯಲು ಕಲಿತಿದೆ! ಒಮ್ಮೆ ಶುರುವಾದರೆ ಲ್ಯಾಕರ್ ಕೆರೆದು ತೆಗೆಯದೆ ನಿಲ್ಲಿಸುವುದು ಕಷ್ಟ. ಹಾಗಾಗಿ ಇಲ್ಲಿ ಹಲವರು ಚಳಿಗಾಲಕ್ಕೆ ಸಾದಾ ಸ್ಟೀಲ್ ರಿಮ್‌ಗೆ ವಿಂಟರ್ ಟೈರ್ ಹಾಕಿಸಿ, ಅಲಾಯ್ ವೀಲುಗಳನ್ನು ತೊಳೆದು ಒಣಗಿಸಿ ಎತ್ತಿಡುತ್ತಾರೆ. ಜಾಣತನ.

ಇದನ್ನೆಲ್ಲ ಚಳಿಗಾಲಕ್ಕೆ ಮುಂಚೆಯೇ ಯಾಕೆ ಮಾಡಬೇಕು? ಹತ್ತು ಡಿಗ್ರಿಗಿಂತ ಕೆಳಗೆ ಟಚ್‌ಅಪ್ ಪೇಂಟ್ ಸರಿಯಾಗಿ ಒಣಗುವುದಿಲ್ಲ. ಬಿಸಿಲಿರುವಾಗಲೇ ಜಲ್ಲಿ ಗಾಯಗಳ ತುಕ್ಕು ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಪ್ರೈಮರ್ ಮತ್ತು ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ. ಅಡಿಭಾಗಕ್ಕೆ ಸಂದಿಗಳಿಗೆ ಹರಿದು ಇಳಿಯುವ ಎಣ್ಣೆಯಂಥ ಲೇಪ ಒಳ್ಳೆಯದು. ದಪ್ಪ ರಬ್ಬರಿನ ಲೇಪ ಒಮ್ಮೆ ಬಿರಿದರೆ ಅದರಡಿ ನೀರು ನಿಲ್ಲುತ್ತದೆ. ಅದು ಏನು ಮಾಡುತ್ತದೆ ಅಂತ ಈಗ ಹೇಳಬೇಕಿಲ್ಲ. ಚಕ್ರ ಬಿಚ್ಚಿದಾಗ ಅದು ಕೂರುವ ಹಬ್ಬಿನ (hub) ಮುಖವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ರಿಮ್ ಕೂರುವ ನಡುವಿನ ಬಳೆಗೆ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸನ್ನು ಚೂರೇ ಚೂರು ಸವರಿ. ಸ್ಟೀಲ್ ಹಬ್ಬು, ಅಲ್ಯೂಮಿನಿಯಂ ರಿಮ್ಮು, ನಡುವೆ ಉಪ್ಪುನೀರು ಅಂದರೆ ಅದೊಂದು ಬ್ಯಾಟರಿಯೇ. ಸವರದಿದ್ದರೆ ವಸಂತದಲ್ಲಿ ಚಕ್ರ ಬಿಚ್ಚಲು ಹೋದರೆ ಅಲ್ಲಾಡುವುದಿಲ್ಲ. ಬೋಲ್ಟಿನ ಮರೆಗಳಿಗೆ (ಥ್ರೆಡ್) ಮಾತ್ರ ಸವರಬೇಡಿ, ಬಿಗಿತದ ಲೆಕ್ಕ ತಪ್ಪುತ್ತದೆ.

ಬಿಸಿ ಮಾಡಿದ ಗ್ಯಾರೇಜು ಕಾರಿಗೆ ಹಿತ ಅನ್ನುವುದು ಇನ್ನೊಂದು ಭ್ರಮೆ. ಮೈನಸ್ ಹದಿನೈದರಲ್ಲಿ ಬಯಲಲ್ಲಿ ನಿಂತ ಕಾರಿಗೆ ತುಕ್ಕು ಬಲು ನಿಧಾನ, ರಾಸಾಯನಿಕ ಕ್ರಿಯೆಗಳೂ ಚಳಿಗೆ ಮುದುಡಿರುತ್ತವೆ. ಅದೇ ಕಾರನ್ನು ಉಪ್ಪು ಮೆತ್ತಿದಂತೆಯೇ ಬೆಚ್ಚಗೆ ಒಳಗೆ ನಿಲ್ಲಿಸಿದರೆ ಹಿಮ ಕರಗಿ ಸಂದಿಗಳಿಗೆ ಇಳಿಯುತ್ತದೆ. ಮಾಮೂಲಿ ಉಪ್ಪು ಗಾಳಿಯ ತೇವ ಶೇ. 75 ದಾಟಿದರೆ ಮಾತ್ರ ತಾನಾಗಿ ನೀರೊಡೆಯುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಅಂದರೆ ನಿಮ್ಮ ಕಣ್ಣಿಗೆ ಒಣಗಿದಂತೆ ಕಾಣುವ ಗ್ಯಾರೇಜಿನಲ್ಲೂ ಕಾರಿನ ಅಡಿ ರಾತ್ರಿಯಿಡೀ ಒದ್ದೆ. ಹೊರಗೆ ಸೊನ್ನೆಗಿಂತ ಮೇಲೆ ಬಂದ ದಿನ ಅಡಿಯಿಂದ ನೀರು ಹಾಯಿಸುವ ಕಾರ್ ವಾಶ್‌ಗೆ ಹೋಗಿ, ಚಕ್ರದ ಕಮಾನುಗಳೊಳಗೆ ಪೈಪ್ ಹಿಡಿಸಿ, ಆಮೇಲೆ ಬೇಕಾದರೆ ಒಳಗೆ ತನ್ನಿ.