ಸೈನೈಡ್ ಗುಡ್ಡದಲ್ಲಿ ಸೈನೈಡ್ ಎಷ್ಟು ಉಳಿದಿದೆ?

ಕೆಜಿಎಫ್ (ಕೋಲಾರ ಚಿನ್ನದ ಗಣಿ) ನೋಡಲು ಹೋದವರು ಮೊದಲು ಕೇಳುವುದೇ ಸೈನೈಡ್ ಗುಡ್ಡ ಎಲ್ಲಿ ಅಂತ. ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಯೇ ಈ ಗುಡ್ಡ. ಮುಟ್ಟಿದರೆ ಸತ್ತೇಹೋಗುತ್ತೇವೆ ಎಂದು ಹೆದರುವವರಿದ್ದಾರೆ, ಬೈಕ್ ಹತ್ತಿಸಿ ರೀಲ್ಸ್ ಮಾಡುವವರೂ ಇದ್ದಾರೆ. ಇಬ್ಬರೂ ಹೆದರಬೇಕಾದ್ದು ಬೇರೆಯದಕ್ಕೆ.

ಚಿನ್ನ ಸುಲಭಕ್ಕೆ ಯಾವುದರಲ್ಲೂ ಕರಗುವುದಿಲ್ಲ. ಆದರೆ ಅದಿರನ್ನು ನುಣ್ಣಗೆ ಅರೆದು, ಸಾವಿರ ಪಾಲು ನೀರಿಗೆ ಅರ್ಧ ಪಾಲಿನಷ್ಟು ಸೈನೈಡ್ ಬೆರೆಸಿ, ಗಾಳಿ ಊದುತ್ತಿದ್ದರೆ ಕರಗುತ್ತದೆ. ಗಾಳಿಯ ಆಮ್ಲಜನಕ ಚಿನ್ನದ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಎರಡು ಸೈನೈಡ್ ಅಯಾನುಗಳು ಆ ಪರಮಾಣುವನ್ನು ಅತ್ತಿತ್ತ ಹಿಡಿದು ನೀರಿಗೆಳೆಯುತ್ತವೆ. ಆಮೇಲೆ ಸತು ಹಾಕಿದರೆ ಅದು ಕರಗಿ ಚಿನ್ನ ಹೊರಬೀಳುತ್ತದೆ. ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಇದಕ್ಕೆ ಪೇಟೆಂಟ್ ಪಡೆದದ್ದು 1887ರಲ್ಲಿ. ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಶುರುಮಾಡಿದ್ದು 1880ರಲ್ಲಿ.

ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) 10ರ ಮೇಲೇ ಇರಲೆಂದು ಸುಣ್ಣ ಹಾಕುತ್ತಿದ್ದರು. ಅದು 9ರ ಕೆಳಗಿಳಿದರೆ ಸೈನೈಡ್‌ನ ಬಹುಪಾಲು ಹೈಡ್ರೋಜನ್ ಸೈನೈಡ್ ಆಗುತ್ತದೆ; ಅದು ಅನಿಲವಾಗಿ ಹಾರಿಹೋಗುತ್ತದೆ, ಕೆಲಸಗಾರರ ಜೀವಕ್ಕೇ ಅಪಾಯ. ಗಿರಣಿಯೊಳಗೆ ತಡೆದದ್ದೇ ಗುಡ್ಡದ ಮೇಲೆ ನಿಧಾನವಾಗಿ ನಡೆಯಿತು. ಮಳೆಗೆ ಸುಣ್ಣದ ಅಂಶ ಕಳೆಯಿತು, ಸೈನೈಡ್ ಗಾಳಿಗೆ ಹೋಯಿತು, ಒಂದಷ್ಟನ್ನು ಬ್ಯಾಕ್ಟೀರಿಯಾ ತಿಂದವು, ಇನ್ನೊಂದಷ್ಟು ಕಬ್ಬಿಣದ ಜೊತೆ ಗಟ್ಟಿಯಾಗಿ ಅಂಟಿಕೊಂಡಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು.

ಈಗ ಹೆಚ್ಚಾಗಿ ಉಳಿದದ್ದು ಸಿಲಿಕಾ ದೂಳು, ಅಂದರೆ ಅರೆದ ಕಲ್ಲಿನ ಪುಡಿ. ಗಾಳಿ ಬೀಸುವ ದಿನ ಅದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಕರವಸ್ತ್ರ ಕಟ್ಟಿದರೆ ಸಾಲದು, ಎನ್-95 ಬೇಕು. ಅದಿರಿನ ಗಂಧಕ ಮಳೆನೀರನ್ನು ಆಮ್ಲೀಯ ಮಾಡುವುದರಿಂದ ಬುಡದಲ್ಲಿ ನಿಂತ ನೀರಿಗೆ ಕೈ ಹಾಕಬೇಡಿ. ಮಳೆ ಕೊರೆದ ಕೊರಕಲುಗಳ ಅಂಚು ಮೇಲ್ನೋಟಕ್ಕೆ ಗಟ್ಟಿ, ಒಳಗೆ ಟೊಳ್ಳು. ಬೈಕ್ ಉರುಳುವುದು ಅಲ್ಲೇ. ಶಾಫ್ಟ್‌ಗಳ (ಗಣಿಗಿಳಿಯುವ ಬಾವಿಗಳ) ಕಬ್ಬಿಣದ ಗೋಪುರಗಳನ್ನು ರಸ್ತೆಯಿಂದಲೇ ನೋಡಿ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ, ಒಳಗೆ ನೀರು ತುಂಬಿದೆ.

ನಡೆದಾಡಲು ಬೇತಮಂಗಲ ಕೆರೆಯ ಏರಿ ಚೆನ್ನ. ಪಾಲಾರ್ ನದಿಯ ಈ ಕೆರೆಯಿಂದಲೇ ಗಣಿ ಪಟ್ಟಣಕ್ಕೆ ನೀರು ಹೋಗುತ್ತಿತ್ತು. ಗುಡ್ಡ ಹತ್ತುವ ಆಸೆಯಿದ್ದರೆ ಕೋಲಾರದ ಅಂತರಗಂಗೆಗೆ ಹೋಗಿ. ಚಿನ್ನ ಸಿಗುವ ನೆಲದ ಪಟ್ಟಿಯ ಕಪ್ಪು ಶಿಲೆ ಅಲ್ಲಿಲ್ಲ. ದೊಡ್ಡ ದೊಡ್ಡ ಗುಂಡುಕಲ್ಲುಗಳ ಸಂದಿನ ಗುಹೆಗಳಿವೆ. ಒಳಗೆ ತೆವಳಬೇಕಾಗುತ್ತದೆ, ಟಾರ್ಚ್ ಇಟ್ಟುಕೊಳ್ಳಿ.