ಮಾರ್ಚ್ 31ರ ರಾತ್ರಿಯ ಲೆಕ್ಕ

ಏಪ್ರಿಲ್ ಬಂತೆಂದರೆ ನಮ್ಮಂಥ ಆಡಿಟರ್‌ಗಳಿಗೆ ಬ್ಯಾಂಕ್ ಶಾಖೆಯೇ ಮನೆ. ಬೆಳಿಗ್ಗೆ ಹೋಗಿ ಕೂತರೆ ರಾತ್ರಿ ವಾಚ್‌ಮನ್ ಶಟರ್ ಎಳೆಯುವವರೆಗೂ ಸಾಲದ ಫೈಲು, ಸ್ಟಾಕ್ ಸ್ಟೇಟ್‌ಮೆಂಟು, ತಣ್ಣಗಾದ ಕಾಫಿ. ಹನ್ನೆರಡು ವರ್ಷಗಳ ಹಿಂದೆ ಹೀಗೆ ಕೂತಾಗ ಒಂದು ಕಾರ್ಖಾನೆಯ ಖಾತೆ ಕೈಗೆ ಬಂತು. ಮೂರು ತಿಂಗಳಿಗೂ ಮೇಲೆ ಬಡ್ಡಿ ಬಂದಿರಲಿಲ್ಲ. ಮಾರ್ಚ್ 30ರಂದು ಇದ್ದಕ್ಕಿದ್ದಂತೆ ಬಾಕಿಯೆಲ್ಲ ಜಮಾ ಆಗಿದೆ.

ಒಳ್ಳೆಯದೇ ಅಲ್ವಾ? ದುಡ್ಡು ಎಲ್ಲಿಂದ ಬಂತು ಎಂದು ಬೆನ್ನುಹತ್ತಿ ಹೋದೆ. ಮಾಲೀಕರ ತಮ್ಮನ ಹೆಸರಿನಲ್ಲಿ ಇನ್ನೊಂದು ಕಂಪನಿ ಇತ್ತು. ಅದಕ್ಕೆ ಎರಡು ದಿನ ಮೊದಲು ಇದೇ ಶಾಖೆ ಹೊಸ ಸಾಲ ಕೊಟ್ಟಿತ್ತು. ಆ ದುಡ್ಡೇ ಒಂದು ಸುತ್ತು ಹಾಕಿ ಹಳೇ ಸಾಲದ ಬಡ್ಡಿಯಾಗಿ ವಾಪಸ್ ಬಂದಿತ್ತು. ಬ್ಯಾಂಕ್ ತನ್ನ ದುಡ್ಡಿನಲ್ಲಿ ತನಗೇ ಬಡ್ಡಿ ಕಟ್ಟಿಕೊಂಡಿತ್ತು!

ಮ್ಯಾನೇಜರ್ ಕೆಟ್ಟವರೇನಲ್ಲ. "ಸರ್, ಪಾರ್ಟಿ ತುಂಬಾ ಹಳಬರು. ಒಂದು ಕ್ವಾರ್ಟರ್ ಬಿಟ್ಬಿಡಿ, ಸರಿಹೋಗತ್ತೆ" ಎಂದರು. ನಾನು ಎಂಒಸಿ ಬರೆದೆ. ಶಾಖೆಯ ಲೆಕ್ಕವನ್ನು ಹೀಗೆ ತಿದ್ದಬೇಕು ಎಂದು ಆಡಿಟರ್ ಬರೆದುಕೊಡುವ ಕಾಗದ ಅದು. ಸಂಜೆಯೊಳಗೆ ಮೇಲಿನ ಕಚೇರಿಯಿಂದ ಎರಡು ಫೋನು ಬಂದವು. ಎರಡರಲ್ಲೂ ಮಾತು ಬಹಳ ಮೆತ್ತಗಿತ್ತು.

ಇಷ್ಟೊಂದು ಒದ್ದಾಟ ಯಾಕೆ? ಲೆಕ್ಕ ಸರಳ. ಸರಿಯಾಗಿ ನಡೆಯುವ ನೂರು ರೂಪಾಯಿ ಸಾಲಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಮುಂದಿನ ನಷ್ಟಕ್ಕೆಂದು ನಲವತ್ತು ಪೈಸೆ ಪಕ್ಕಕ್ಕಿಟ್ಟರೆ ಸಾಕು. ಕಂತು ಅಥವಾ ಬಡ್ಡಿ 90 ದಿನ ದಾಟಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ. ಆಗ ಕನಿಷ್ಠ ಹದಿನೈದು ರೂಪಾಯಿ ತೆಗೆದಿಡಬೇಕು. ಕೈಗೆ ಬಾರದೆ ಆದಾಯ ಎಂದು ಬರೆದುಕೊಂಡ ಬಡ್ಡಿಯನ್ನೂ ಹೊಡೆದುಹಾಕಬೇಕು. ಲಾಭ ಇಳಿಯುತ್ತದೆ, ಬ್ಯಾಂಕಿನ ಬಂಡವಾಳ ಕರಗುತ್ತದೆ, ಮ್ಯಾನೇಜರ್ ಪ್ರಮೋಷನ್ ನಿಲ್ಲುತ್ತದೆ. ಸುಸ್ತಿಯನ್ನು ಸುಸ್ತಿ ಎಂದು ಬರೆಯುವುದರಿಂದ ಶಾಖೆಯಲ್ಲಿ ಯಾರಿಗೂ ಲಾಭವಿರಲಿಲ್ಲ. ಅಷ್ಟೇ ವಿಷಯ.

ನಾನು ಕಂಡದ್ದು ಕೆಲವು ಕೋಟಿಯ ಆಟ. ದೊಡ್ಡ ಸಾಲಗಳಲ್ಲಿ ಇದೇ ಆಟ ಸಾವಿರಾರು ಕೋಟಿಗಳಲ್ಲಿ ನಡೆದಿತ್ತು. 2004ರಿಂದ 2008ರವರೆಗೆ ಉಕ್ಕು, ವಿದ್ಯುತ್, ರಸ್ತೆ ಎಂದು ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಆಮೇಲೆ ಒಂದರ ಹಿಂದೆ ಒಂದು ಏಟು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2012ರಲ್ಲಿ 122 ಟೆಲಿಕಾಂ ಲೈಸೆನ್ಸ್ ರದ್ದಾದವು. 2014ರಲ್ಲಿ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ಹೋಯಿತು. ಅಕ್ರಮ ನಡೆದದ್ದಕ್ಕೇ ಈ ತೀರ್ಪುಗಳು ಬಂದದ್ದು, ಅದು ಬೇರೆ ಮಾತು. ಆದರೆ ಇವನ್ನೇ ನಂಬಿ ಸಾಲ ಮಾಡಿದ್ದ ಯೋಜನೆಗಳು ಅರ್ಧಕ್ಕೇ ನಿಂತವು. ಬ್ಯಾಂಕುಗಳು ಏನು ಮಾಡಿದವು? ಕಂತು ಮುಂದಕ್ಕೆ ಹಾಕಿದವು. ಮತ್ತೆ ಹಾಕಿದವು. ಹೀಗೆ ಪುನರ್‌ರಚನೆ ಮಾಡಿದ ಸಾಲವನ್ನು ಒಳ್ಳೆಯ ಸಾಲ ಎಂದೇ ತೋರಿಸಲು ರಿಸರ್ವ್ ಬ್ಯಾಂಕಿನ ರಿಯಾಯಿತಿಯೂ ಇತ್ತು. ಅದು ನಿಂತಿದ್ದು 2015ರ ಏಪ್ರಿಲ್ 1ಕ್ಕೆ.

ಅದೇ ವರ್ಷ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ನಡೆದದ್ದು ಎಕ್ಯೂಆರ್, ಅಂದರೆ ಸಾಲಗಳ ಗುಣಮಟ್ಟದ ತಪಾಸಣೆ. ಬ್ಯಾಂಕ್ ಹೇಳಿದ್ದನ್ನು ಹಾಗೇ ಒಪ್ಪದೆ, ರಿಸರ್ವ್ ಬ್ಯಾಂಕಿನವರು ದೊಡ್ಡ ಖಾತೆಗಳನ್ನು ತಾವೇ ಬಿಚ್ಚಿ ನೋಡಿದರು. ಒಬ್ಬನೇ ಸಾಲಗಾರ ಒಂದು ಬ್ಯಾಂಕಿನ ಪುಸ್ತಕದಲ್ಲಿ ಸುಸ್ತಿ, ಇನ್ನೊಂದರಲ್ಲಿ ಸಾಚಾ. 5 ಕೋಟಿಗೂ ಮೇಲಿನ ಸಾಲಗಳ ವಿವರವೆಲ್ಲ ಒಂದೇ ಕಡೆ ಸೇರುವ ವ್ಯವಸ್ಥೆ 2014ರಲ್ಲೇ ಬಂದಿದ್ದರಿಂದ ಈ ಆಟ ಸಿಕ್ಕಿಬಿತ್ತು. 2017ರಿಂದ ಇನ್ನೊಂದು ನಿಯಮ ಬಂತು. ಬ್ಯಾಂಕ್ ತೋರಿಸಿದ ಎನ್‌ಪಿಎಗೂ ರಿಸರ್ವ್ ಬ್ಯಾಂಕ್ ಕಂಡ ಎನ್‌ಪಿಎಗೂ ಅಂತರ ಜಾಸ್ತಿಯಿದ್ದರೆ ಅದನ್ನು ಜನರ ಮುಂದೆ ಹೇಳಬೇಕು. 2015–16ಕ್ಕೆ ಯೆಸ್ ಬ್ಯಾಂಕ್ ತೋರಿಸಿದ್ದು ಸುಮಾರು 749 ಕೋಟಿ. ರಿಸರ್ವ್ ಬ್ಯಾಂಕ್ ಕಂಡದ್ದು 4,926 ಕೋಟಿ. ಇದು ಆಡಿಟ್ ಮುಗಿಸಿಕೊಂಡು ಬಂದಿದ್ದ ಲೆಕ್ಕ ಎನ್ನುವುದನ್ನು ಮರೆಯಬೇಡಿ. ಹೇಳಲು ನನಗೂ ಮುಜುಗರವೇ, ನಮ್ಮದೇ ಕಸುಬು.

2018ರ ಮಾರ್ಚ್ ಹೊತ್ತಿಗೆ ದೇಶದ ಬ್ಯಾಂಕುಗಳ ಎನ್‌ಪಿಎ 10 ಲಕ್ಷ ಕೋಟಿ ಮೀರಿತು. ಕೊಟ್ಟ ಸಾಲದಲ್ಲಿ ಶೇ 11ಕ್ಕಿಂತ ಹೆಚ್ಚು. ಸರ್ಕಾರಿ ಬ್ಯಾಂಕುಗಳಲ್ಲಿ ಶೇ 14 ದಾಟಿತ್ತು. ಮೂರು ವರ್ಷದಲ್ಲಿ ಇಷ್ಟು ಸಾಲ ಹಾಳಾಯಿತೇ ಎಂದು ಟೀವಿಯಲ್ಲಿ ಕೂಗಾಟ ನಡೆಯಿತು. ಹಾಳಾದದ್ದು ಯಾವಾಗಲೋ. ಬರೆದದ್ದು ಈಗ. ಬ್ಯಾಂಕ್ ಸುಧಾರಣೆ ಎಂದು ಎಷ್ಟೋ ಕೆಲಸಗಳನ್ನು ಪಟ್ಟಿ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಈ ಬರೆಯುವ ಕೆಲಸವೇ ದೊಡ್ಡದು. ಉಳಿದ ಕಾನೂನು, ಬಂಡವಾಳ ಎಲ್ಲ ಇದರ ಬಾಲ ಹಿಡಿದು ಬಂದವು.

ಬಂಡವಾಳದ ಮಾತು ಬೇಗ ಮುಗಿಸುತ್ತೇನೆ. ಸತ್ಯ ಬರೆದ ಮೇಲೆ ತೂತು ಕಾಣುತ್ತದೆ, ತುಂಬಲೇಬೇಕು. 2016–17ರಿಂದ 2020–21ರವರೆಗೆ ಸರ್ಕಾರ ತನ್ನ ಬ್ಯಾಂಕುಗಳಿಗೆ 3 ಲಕ್ಷ ಕೋಟಿಗೂ ಮಿಕ್ಕಿ ಹಾಕಿತು. ಬಹುಪಾಲು ಬಾಂಡ್ ರೂಪದಲ್ಲಿ. ಕೊನೆಗೆ ಅದರ ಬಡ್ಡಿ ಕಟ್ಟುವವರು ನಾವೇ.

ಕಾನೂನಿನದು ಸ್ವಲ್ಪ ರುಚಿಯಾದ ಕತೆ. 2016ಕ್ಕೆ ಮೊದಲು ದೊಡ್ಡ ಸುಸ್ತಿದಾರ ಬ್ಯಾಂಕಿಗೆ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಕಂಪನಿ ಮುಳುಗುತ್ತಿದ್ದರೂ ಮಾಲೀಕ ಅದೇ ಕುರ್ಚಿಯಲ್ಲಿ. ಕೇಸು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಅಲೆಯುತ್ತಿತ್ತು, ಅಷ್ಟರಲ್ಲಿ ಮಷೀನು ತುಕ್ಕು ಹಿಡಿಯುತ್ತಿತ್ತು. ಹೊಸ ದಿವಾಳಿ ಸಂಹಿತೆ ಬಂದ ಮೇಲೆ ನ್ಯಾಯಮಂಡಳಿ ಕೇಸನ್ನು ಅಂಗೀಕರಿಸಿದ ದಿನವೇ ಆಡಳಿತ ಮಾಲೀಕರ ಕೈ ತಪ್ಪುತ್ತದೆ. 2017ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ 12 ದೊಡ್ಡ ಖಾತೆಗಳನ್ನು ಗುರುತಿಸಿ ಈ ಕಾನೂನಿನ ಕೆಳಗೆ ತಳ್ಳಿತು. ಒಟ್ಟು ಎನ್‌ಪಿಎಯ ಕಾಲು ಭಾಗ ಈ ಹನ್ನೆರಡರಲ್ಲೇ ಇತ್ತು. ನವೆಂಬರ್‌ನಲ್ಲಿ ಇನ್ನೊಂದು ಬೀಗ ಬಿತ್ತು. ಸುಸ್ತಿಯಾದ ಮಾಲೀಕರೇ ಹಿಂಬಾಗಿಲಿನಿಂದ ಬಂದು ತಮ್ಮ ಕಂಪನಿಯನ್ನು ಅಗ್ಗಕ್ಕೆ ಕೊಳ್ಳುವ ಹಾಗಿಲ್ಲ. ಭೂಷಣ್ ಸ್ಟೀಲ್ ಟಾಟಾ ಸ್ಟೀಲ್ ಪಾಲಾಯಿತು, ಎಸ್ಸಾರ್ ಸ್ಟೀಲ್ ಆರ್ಸೆಲರ್ ಮಿತ್ತಲ್ ಪಾಲಾಯಿತು. ಎಸ್ಸಾರ್‌ನಿಂದ ಬಂದದ್ದು 42,000 ಕೋಟಿ. ಅದು ಮುಗಿಯಲು ಎರಡು ವರ್ಷಕ್ಕೂ ಮೇಲೆ ಹಿಡಿಯಿತು. 330 ದಿನದ ಗಡಿ ಕಾಗದದಲ್ಲಿದೆ, ಪಾಲಿಸುವುದು ಅಪರೂಪ. ಒಟ್ಟಾರೆ ನೋಡಿದರೆ ಸಾಲ ಕೊಟ್ಟವರಿಗೆ ಸಿಗುವುದು ಬಾಕಿಯ ಮೂರನೇ ಒಂದು ಭಾಗದಷ್ಟು.

ಆದರೂ ಈ ಕಾನೂನಿನ ಲಾಭ ವಸೂಲಿಯ ಅಂಕಿಯಲ್ಲಿ ಪೂರ್ತಿ ಕಾಣುವುದಿಲ್ಲ. ಮೊದಲು ಮ್ಯಾನೇಜರ್‌ನನ್ನು ಎರಡು ಗಂಟೆ ಹೊರಗೆ ಕೂರಿಸುತ್ತಿದ್ದ ಪಾರ್ಟಿಗಳು, ನೋಟಿಸ್ ಹೋಗುವ ಮೊದಲೇ ಚೆಕ್ ಹಿಡಿದು ಬಂದದ್ದನ್ನು ನಾನು ನೋಡಿದ್ದೇನೆ. ಕಂಪನಿ ಕೈಬಿಟ್ಟುಹೋಗುತ್ತದೆ ಎಂಬ ಭಯ ಅದು.

"ಶ್ರೀಮಂತರ ಸಾಲ ಮನ್ನಾ ಮಾಡಿದ್ರಲ್ಲ ಸರ್?" ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ರೈಟ್ ಆಫ್ ಬೇರೆ, ಮನ್ನಾ ಬೇರೆ. ರೈಟ್ ಆಫ್ ಎಂದರೆ ಪೂರ್ತಿ ನಷ್ಟ ತೆಗೆದಿಟ್ಟ ಮೇಲೆ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ತೆಗೆಯುವುದು. ಸಾಲಗಾರ ತಪ್ಪಿಸಿಕೊಳ್ಳುವುದಿಲ್ಲ, ಕೇಸು ನಡೆಯುತ್ತದೆ. ಹಾಗೆಂದು ಕೇಳುವವರನ್ನು ಸುಮ್ನೆ ದಡ್ಡರೆನ್ನಲೂ ಆಗದು. 2022ರ ಮಾರ್ಚ್‌ವರೆಗಿನ ಐದು ವರ್ಷದಲ್ಲಿ 10 ಲಕ್ಷ ಕೋಟಿಯಷ್ಟು ಹೀಗೆ ತೆಗೆದಿದ್ದಾರೆ. ಅದರಲ್ಲಿ ವಾಪಸ್ ಬಂದದ್ದು ಸಣ್ಣ ಪಾಲು. ಎನ್‌ಪಿಎ 2025ರ ಮಾರ್ಚ್‌ಗೆ ಶೇ 2.3ಕ್ಕೆ ಇಳಿದಿದೆ ಎಂದು ಹೊಗಳುವಾಗ, ಒಂದಿಷ್ಟು ಕಸ ಗುಡಿಸಿ ಹೊರಗೆ ಹಾಕಿದ್ದೂ ಲೆಕ್ಕದಲ್ಲಿರಲಿ.

ಇನ್ನು ವಿಲೀನ. ಇದನ್ನು ಸುಧಾರಣೆಯ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ. 2017–18ರಲ್ಲಿ 21 ಸರ್ಕಾರಿ ಬ್ಯಾಂಕುಗಳಲ್ಲಿ 19 ನಷ್ಟದಲ್ಲಿದ್ದವು. ಲಾಭ ಮಾಡಿದ ಎರಡೇ ಎರಡರಲ್ಲಿ ಒಂದು ನಮ್ಮ ವಿಜಯ ಬ್ಯಾಂಕ್. 727 ಕೋಟಿ ಲಾಭ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು. ಮರುವರ್ಷ, 2019ರ ಏಪ್ರಿಲ್ 1ರಂದು, ನಷ್ಟದಲ್ಲಿದ್ದ ದೇನಾ ಬ್ಯಾಂಕಿನ ಜೊತೆ ಅದನ್ನೂ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಯೂನಿಯನ್‌ಗೆ. ದೊಡ್ಡ ಬ್ಯಾಂಕ್ ದೊಡ್ಡ ಏಟು ತಡೆಯುತ್ತದೆ ಎನ್ನುವ ವಾದ ಇದೆ, ಇರಲಿ. ಆದರೆ ಹಾಳಾದ ಸಾಲ ಬೋರ್ಡು ಬದಲಿಸಿದರೆ ಒಳ್ಳೆಯದಾಗುವುದಿಲ್ಲ. ಉಡುಪಿ, ಮಂಗಳೂರು ಕಡೆ ಈ ವಿಷಯ ಎತ್ತಿದರೆ ಊಟ ತಣ್ಣಗಾಗುವವರೆಗೂ ಮಾತು ನಿಲ್ಲುವುದಿಲ್ಲ.

ಶಾಖೆಯೊಳಗೆ ಎದ್ದು ಕಾಣುವ ಬದಲಾವಣೆ ಪೇಪರುಗಳಲ್ಲಿ ಬಂದದ್ದೇ ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಎನ್‌ಪಿಎ ಗುರುತಿಸುವ ಕೆಲಸ ಇನ್ನು ಕಂಪ್ಯೂಟರಿನದು, ಮನುಷ್ಯರ ಕೈ ತಾಗಬಾರದು ಎಂದು. ಮರುವರ್ಷ ನವೆಂಬರ್‌ನಲ್ಲಿ ಇನ್ನೊಂದು ಬಂತು. ಪ್ರತಿದಿನ ವ್ಯವಹಾರ ಮುಗಿದಾಗಲೇ ಗುರುತಿಸಬೇಕು. ಒಮ್ಮೆ ಎನ್‌ಪಿಎ ಆದ ಖಾತೆ, ಬಾಕಿಯೆಲ್ಲ ಕಟ್ಟುವವರೆಗೆ ಮತ್ತೆ ಸರಿಯಾಗುವುದಿಲ್ಲ. ಮಾರ್ಚ್ 31ರ ರಾತ್ರಿಯ ನಾಟಕ ಈಗ ಕಷ್ಟ. ಬೇರೆ ಕಂಪನಿ ಸುತ್ತಿಸಿ ದುಡ್ಡು ತರುವವನನ್ನು ಈ ಮಷೀನು ಹಿಡಿಯುವುದಿಲ್ಲ. ಅದಕ್ಕೆ ಇನ್ನೂ ಫೈಲು ತಿರುವುವವನೇ ಬೇಕು.

ಕಳೆದ ಏಪ್ರಿಲ್‌ನಲ್ಲಿ ಒಂದು ಶಾಖೆಯಲ್ಲಿ ಕೂತಿದ್ದೆ. ಟೈಲರಿಂಗ್ ಅಂಗಡಿಯ ಹೆಂಗಸೊಬ್ಬರು ಬಂದರು. ಮೂರು ಕಂತು ಬಾಕಿಯಾಗಿ ಖಾತೆ ಎನ್‌ಪಿಎ ಆಗಿತ್ತು. ಹೇಗೋ ಹೊಂದಿಸಿ ಎರಡು ಕಟ್ಟಿದ್ದರು. ಹೊಲಿಗೆ ಮಷೀನಿಗೆ ಇನ್ನೊಂದು ಸಾಲ ಬೇಕಿತ್ತು. "ದುಡ್ಡು ಕಟ್ಟಿದೀನಲ್ವಾ ಸರ್?" ಎಂದರು. ಹಳೇ ಪದ್ಧತಿಯಲ್ಲಾಗಿದ್ದರೆ ಅವರ ಖಾತೆ ಅವತ್ತೇ ಸರಿಹೋಗುತ್ತಿತ್ತು. ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ಅವರ ಕಡೆ ತಿರುಗಿಸಿದರು. "ನನ್ ಕೈಲಿಲ್ಲಮ್ಮ, ಇನ್ನೊಂದು ಕಂತು ಕಟ್ಟಿ ಬನ್ನಿ" ಎಂದರು. ಆಕೆ ಪಾಸ್‌ಬುಕ್ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಮುಂದಿನ ಫೈಲು ತೆಗೆದೆ.