ಗಡಿಪಾರು: ಯಾರನ್ನು, ಯಾವ ಗಡಿಯಿಂದ, ಯಾರ ಸಹಿಯಲ್ಲಿ?

ಫೆಬ್ರವರಿ 2025ರಲ್ಲಿ ಅಮೆರಿಕದ ಮಿಲಿಟರಿ ವಿಮಾನವೊಂದು 104 ಭಾರತೀಯರನ್ನು ತಂದು ಅಮೃತಸರದಲ್ಲಿ ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಕನ್ನಡ ಸುದ್ದಿಗಳಲ್ಲಿ ಎಲ್ಲಿ ನೋಡಿದರೂ 'ಗಡಿಪಾರು'. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ, ಮುಂಬಯಿ ಫೋರ್ಟಿನ ಹೋಟೆಲುಗಳಲ್ಲಿ ನಲವತ್ತು ವರ್ಷ ದುಡಿದವರು. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಓದಿ ನನ್ನನ್ನು ಕೇಳಿದರು: "ಇವ್ರೆಲ್ಲ ಏನು ದಾದಾಗಿರಿ ಮಾಡಿದ್ರು? ಎಷ್ಟು ವರ್ಷಕ್ಕೆ ತಡೀಪಾರ್?"

ತಪ್ಪು ಅವರದಲ್ಲ. ಮುಂಬಯಿಯಲ್ಲಿ ಬದುಕಿದವರಿಗೆ ಗಡಿಪಾರು ಎಂದರೆ ಮರಾಠಿಯ ತಡೀಪಾರ್, ಪೊಲೀಸರು ಜಿಲ್ಲೆಯಿಂದ ಹೊರಗಟ್ಟುವುದು. ತಡೀಪಾರ್ ಆಗುವವನು ಎಂದರೆ ಏರಿಯಾದ ದಾದಾ. ಊರಿನಲ್ಲೂ ಹಾಗೇ ಅಲ್ವಾ, ದಕ್ಷಿಣ ಕನ್ನಡದವರನ್ನು ರಾಯಚೂರಿಗೋ ಕಲಬುರಗಿಗೋ ಗಡಿಪಾರು ಮಾಡಿದರು ಎಂದು ಓದುತ್ತೇವೆ. ವೀಸಾ ಇಲ್ಲದೆ ಕೆಲಸ ಹುಡುಕಿಕೊಂಡು ಹೋಗಿ ವಾಪಸ್ ಬಂದ ಹುಡುಗನಿಗೂ ಅದೇ ಪದ ಹಚ್ಚಿದರೆ, ಪದಕ್ಕೆ ಮೊದಲೇ ಅಂಟಿದ್ದ ಮಸಿ ಅವನಿಗೂ ಅಂಟುತ್ತದೆ.

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಗಡಿ ನಮ್ಮದೇ ಮಾತು. ಪಾರು ಸಂಸ್ಕೃತದ 'ಪಾರ'ದಿಂದ ಬಂತು, ಆಚೆ ದಡ ಎಂದರ್ಥ. ಮರಾಠಿಯ ತಡೀಪಾರ್‌ನಲ್ಲಿ ದಡ ಎರಡು ಸಲ ಬರುತ್ತದೆ: ತಡಿ ಎಂದರೂ ದಡವೇ, ನಾವು ಹೊಳೆಯ ತಡಿ ಎನ್ನುವುದಿಲ್ಲವೇ? ಮರಾಠಿ ಪತ್ರಿಕೆಗಳಲ್ಲಿ ಹದ್ದಪಾರ್ ಎಂದೂ ಬರೆಯುತ್ತಾರೆ. ಆ ಹದ್ದು ನಮ್ಮ ಸರಹದ್ದಿನಲ್ಲಿ, 'ಹದ್ದು ಮೀರಿದ' ಎಂಬ ಬೈಗುಳದಲ್ಲಿ ಇರುವ ಅದೇ ಹದ್ದು. ನನಗೆ ತುಂಬ ನಾಟಿದ್ದು ಮಾತ್ರ ಪಾರು. ಕಷ್ಟದಿಂದ ಪಾರಾದೆ ಎನ್ನುತ್ತೇವೆ. ಪಾರು ಮಾಡಪ್ಪ ಎಂದು ದೇವರಿಗೆ ಕೈಮುಗಿಯುತ್ತೇವೆ. ದಡ ಮುಟ್ಟಿಸುವ ಮಾತು ಅದು. ಹಿಂದೆ ಒಂದು ಗಡಿ ಸೇರಿಕೊಂಡಾಗ ಮಾತ್ರ ಅದು ದಡದಿಂದ ಆಚೆ ತಳ್ಳುವ ಮಾತಾಗುತ್ತದೆ. ಯಾವ ಗಡಿ, ತಳ್ಳುವವರು ಯಾರು ಎಂಬುದನ್ನು ಪದ ಹೇಳುವುದೇ ಇಲ್ಲ. ಎಲ್ಲ ಗೊಂದಲ ಶುರುವಾಗುವುದು ಅಲ್ಲಿ.

ಶಾಲೆಯ ಪಾಠದಲ್ಲೇ ಇದು ಕಲಸಿಹೋಗಿದೆ. ತಿಲಕರನ್ನು ಬರ್ಮಾದ ಮಂಡಾಲೆಗೆ ಗಡಿಪಾರು ಮಾಡಿದರು. ಲಾಲಾ ಲಜಪತರಾಯರನ್ನೂ ಮಂಡಾಲೆಗೆ ಗಡಿಪಾರು ಮಾಡಿದರು. ಊರು ಒಂದೇ, ಪದವೂ ಒಂದೇ. ಆದರೆ ತಿಲಕರಿಗೆ ಜುಲೈ 1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಅವರು ತಮ್ಮ ವಾದವನ್ನು ತಾವೇ ಮಾಡಿದರು, ಜ್ಯೂರಿ ಕೇಳಿತು, ನ್ಯಾಯಮೂರ್ತಿ ದಾವರ್ ಆರು ವರ್ಷ ವಿಧಿಸಿದರು. ಅನ್ಯಾಯದ ತೀರ್ಪೇ ಸರಿ, ಆದರೂ ತೀರ್ಪು. ಅದಕ್ಕೂ ಒಂದು ವರ್ಷ ಮೊದಲು, 1907ರಲ್ಲಿ, ಲಜಪತರಾಯರಿಗೆ ವಿಚಾರಣೆಯೂ ಇರಲಿಲ್ಲ, ತೀರ್ಪೂ ಇರಲಿಲ್ಲ. 1818ರ ಹಳೆಯ ರೆಗ್ಯುಲೇಶನ್ ತೋರಿಸಿ ಸರಕಾರವೇ ಎತ್ತಿಕೊಂಡು ಹೋಯಿತು. ಇಬ್ಬರಿಗೂ ಒಂದೇ ಪದ ಬಳಸಿದ ದಿನವೇ, ಸಹಿ ಹಾಕಿದವರು ಯಾರು ಎಂದು ಕೇಳುವ ಅಭ್ಯಾಸ ನಮಗೆ ತಪ್ಪಿಹೋಯಿತು.

ಮುಂಬಯಿಯವರು ಇದನ್ನು ನೋಡಲು ದೂರ ಹೋಗಬೇಕಿಲ್ಲ. ಫೋರ್ಟಿನಲ್ಲಿ ನನ್ನ ಕೆಲಸ. ಮಧ್ಯಾಹ್ನ ಡಬ್ಬಿ ಬಿಚ್ಚುವುದು ಹಾರ್ನಿಮನ್ ಸರ್ಕಲ್‌ನ ಮರದ ನೆರಳಿನಲ್ಲಿ. ಎದುರಿಗೇ ಏಷ್ಯಾಟಿಕ್ ಲೈಬ್ರರಿಯ ಬಿಳಿ ಮೆಟ್ಟಿಲು. ಕೂತವರಲ್ಲಿ ಆ ಹೆಸರು ಯಾರದೆಂದು ಬಲ್ಲವರು ಕಡಿಮೆ. ಬಿ.ಜಿ. ಹಾರ್ನಿಮನ್ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ, ಇಂಗ್ಲೆಂಡಿನವ. ಬ್ರಿಟಿಷ್ ಆಡಳಿತದ ವಿರುದ್ಧ ಬರೆದ. ಏಪ್ರಿಲ್ 1919ರಲ್ಲಿ, ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ, ಸರಕಾರ ಅವನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿಬಿಟ್ಟಿತು. ಕೋರ್ಟಿನ ಮುಖ ತೋರಿಸಲಿಲ್ಲ. ಅವನು ಮತ್ತೆ ಈ ನೆಲ ಮೆಟ್ಟಿದ್ದು 1926ರಲ್ಲಿ.

ಇನ್ನು ಏಪ್ರಿಲ್ 2025. 26/11ರ ದಾಳಿ ಪ್ರಕರಣದ ತಹವ್ವುರ್ ರಾಣಾನನ್ನು ಅಮೆರಿಕ ಭಾರತಕ್ಕೆ ಒಪ್ಪಿಸಿತು. ಅದಕ್ಕೂ 'ಗಡಿಪಾರು' ಎಂದು ಬರೆದರು. ದಯವಿಟ್ಟು ಬೇಡ. ಅದು ಹಸ್ತಾಂತರ. ಒಂದು ದೇಶ ಕೇಳುತ್ತದೆ, ಇನ್ನೊಂದು ದೇಶದ ಕೋರ್ಟು ವರ್ಷಗಟ್ಟಲೆ ಪರಿಶೀಲಿಸುತ್ತದೆ, ಆಮೇಲೆ ಒಪ್ಪಿಸುತ್ತದೆ. ಹಸ್ತಾಂತರ ಎಂಬ ಒಳ್ಳೆಯ ಪದ ಇದೆ, ಎಲ್ಲರಿಗೂ ಗೊತ್ತೂ ಇದೆ.

ತಡೀಪಾರ್ ಆದೇಶಕ್ಕೆ ಡಿಸಿಪಿ ಸಹಿ ಸಾಕು. 1951ರ ಮಹಾರಾಷ್ಟ್ರ ಪೊಲೀಸ್ ಕಾಯಿದೆಯ 56ನೇ ಸೆಕ್ಷನ್ ತೋರಿಸಿ ಜಿಲ್ಲೆಯಿಂದ ಹೊರಗಿಡಬಹುದು, ಜಾಸ್ತಿ ಅಂದರೆ ಎರಡು ವರ್ಷ. ಆದರೆ ಮೊದಲು ನೋಟಿಸ್ ಕೊಡಬೇಕು, ಅವನ ಮಾತು ಕೇಳಬೇಕು. ಜನವರಿ 2022ರಲ್ಲಿ ಜಾಲ್ನಾದ ಒಬ್ಬನ ಮೇಲಿನ ಇಂಥ ಆದೇಶವನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಇದು ಅಪರೂಪಕ್ಕೆ ಬಳಸುವ ಅಸ್ತ್ರ, ಸುಮ್ನೆ ಎರಡು ವರ್ಷ ಎಂದು ಗೀಚುವ ಹಾಗಿಲ್ಲ, ಕಾರಣ ಬರೆಯಬೇಕು ಎಂದಿತು. ತಡೀಪಾರ್ ಆದವನೂ ಈ ದೇಶದ ಪ್ರಜೆ. ಜಿಲ್ಲೆಯಿಂದ ಹೊರಗೆ ಕಳಿಸಬಹುದು, ದೇಶದಿಂದ ಹೊರಗೆ ಆಗದು.

ವಿದೇಶಿಯರ ಮಾತು ಬೇರೆ. ಅವರನ್ನು ಹೊರಗೆ ಕಳಿಸಲು ಸರಕಾರಕ್ಕೆ ದೊಡ್ಡ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು 1955ರಲ್ಲೇ, ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಂವಿಧಾನದ 21ನೇ ವಿಧಿ 'ಪ್ರಜೆ' ಎನ್ನುವುದಿಲ್ಲ, 'ವ್ಯಕ್ತಿ' ಎನ್ನುತ್ತದೆ. ಕಳಿಸುವುದಾದರೂ ಕಾನೂನಿನ ದಾರಿಯಲ್ಲೇ ಕಳಿಸಬೇಕು. ಕೋರ್ಟುಗಳು ಮಧ್ಯೆ ಬರುವುದು ಇಲ್ಲಿ. ಕಳಿಸಬೇಡಿ ಎಂದು ಅವು ಹೇಳುವುದು ಕಡಿಮೆ. ಹೇಗೆ ಕಳಿಸಿದಿರಿ, ಯಾರನ್ನು ಕೇಳಿದಿರಿ ಎಂದು ಕೇಳುವುದೇ ಜಾಸ್ತಿ.

ಅಮೆರಿಕದಲ್ಲೂ ನಡೆದದ್ದು ಇದೇ. ಮೇರಿಲ್ಯಾಂಡಿನಲ್ಲಿದ್ದ ಎಲ್ ಸಾಲ್ವಡಾರ್ ಮೂಲದ ಒಬ್ಬನನ್ನು ಆ ದೇಶಕ್ಕೆ ಕಳಿಸಕೂಡದು ಎಂದು 2019ರಲ್ಲೇ ಆದೇಶವಿತ್ತು. ಮಾರ್ಚ್ 2025ರಲ್ಲಿ ಅವನನ್ನು ಅಲ್ಲಿಗೇ ಕಳಿಸಿ ಜೈಲಿಗೆ ಹಾಕಿಸಿದರು. ಕೈತಪ್ಪಿನಿಂದ ಆಯಿತು ಎಂದು ಸರಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅವನು ಬಿಡುಗಡೆಯಾಗಲು ನೆರವಾಗಿ ಎಂಬ ಕೆಳಗಿನ ಕೋರ್ಟಿನ ಮಾತನ್ನು ಏಪ್ರಿಲ್ 10ರಂದು ಅಲ್ಲಿಯ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಜೂನ್‌ನಲ್ಲಿ ಅವನು ವಾಪಸ್ ಬಂದ. ಇದನ್ನು 'ಗಡಿಪಾರಿಗೆ ಕೋರ್ಟ್ ಅಡ್ಡಿ' ಎಂದು ಬರೆದರೆ ಓದುವವರಿಗೆ ಏನು ತಿಳಿಯುತ್ತದೆ? ಕೋರ್ಟು ಅಪರಾಧಿಯ ಪರ ನಿಂತಿತು ಎಂದೇ ತಿಳಿಯುತ್ತದೆ. ನಮ್ಮ ಕಟ್ಟಡದ ಹಿರಿಯರಿಗೂ ಹಾಗೇ ತಿಳಿದಿತ್ತು.

ಈಗ ಪದದ ಸಂತೆಗೆ 'ಪುಶ್ ಬ್ಯಾಕ್' ಬಂದಿದೆ. ಜೂನ್ 2025ರಲ್ಲಿ ನಮ್ಮ ಪಕ್ಕದ ಮೀರಾ ರೋಡಿನಿಂದ, ಸುತ್ತಮುತ್ತಲಿನಿಂದ ಕೆಲವು ಕೂಲಿಕಾರರನ್ನು ಬಾಂಗ್ಲಾದೇಶಿಗಳೆಂದು ಹಿಡಿದು ಗಡಿಯಾಚೆ ದೂಡಿದರು. ಅವರು ಪಶ್ಚಿಮ ಬಂಗಾಳದವರು ಎಂದು ಅಲ್ಲಿಯ ಸರಕಾರ ದಾಖಲೆ ಮುಂದಿಟ್ಟ ಮೇಲೆ ವಾಪಸ್ ಕರೆತಂದರು. ದೆಹಲಿಯಲ್ಲಿ ಹಿಡಿದು ಹೀಗೇ ದೂಡಿದ ಪಶ್ಚಿಮ ಬಂಗಾಳದ ಬೀರ್‌ಭೂಮ್‌ನ ಕುಟುಂಬದಲ್ಲಿ ಒಬ್ಬ ಗರ್ಭಿಣಿಯಿದ್ದಳು. ಸೆಪ್ಟೆಂಬರ್ 2025ರಲ್ಲಿ ಕಲ್ಕತ್ತಾ ಹೈಕೋರ್ಟು ಆ ಕ್ರಮವನ್ನು ರದ್ದು ಮಾಡಿ, ನಾಲ್ಕು ವಾರದಲ್ಲಿ ಕರೆತನ್ನಿ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಕೆ ಮಗನ ಜೊತೆ ಮರಳಿದ್ದು ಡಿಸೆಂಬರಿನಲ್ಲಿ.

ಇಂಥದ್ದನ್ನೂ ಗಡಿಪಾರು ಎಂದು ಬರೆಯುವವರಿದ್ದಾರೆ. ತಡೀಪಾರ್ ಆದ ದಾದಾನಿಗೆ ಒಂದು ನೋಟಿಸಾದರೂ ಸಿಗುತ್ತದೆ, ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಮೀರಾ ರೋಡಿನ ಆ ಕೂಲಿಕಾರರಿಗೆ ತಾವು ಯಾರೆಂದು ಹೇಳಲು ಅಷ್ಟು ಸಮಯವೂ ಸಿಗಲಿಲ್ಲ. ಅದಕ್ಕೆ 'ಗಡಿಯಾಚೆ ದೂಡಿದರು' ಎಂದೇ ಬರೆಯಿರಿ.